ಉತ್ತರ ಎಷ್ಟು ಪಟ್ಟು ತಪ್ಪಿದೆ? ಮೆಟ್ರಿಕ್ ಅಳತೆಯ ಗೊಂದಲ ಪತ್ತೆಹಚ್ಚುವ ಕೈಪಿಡಿ

ಸಂತೆಯಲ್ಲಿ ಮುಕ್ಕಾಲು ಕಿಲೋ ಬದನೆಕಾಯಿಯ ಬೆಲೆಯನ್ನು ಬಾಯಲ್ಲೇ ಲೆಕ್ಕ ಹಾಕಿ ಹೇಳುವ ಹೆಣ್ಣುಮಗಳು ಔಷಧಿ ಚೀಟಿಯ ಮಿಲಿಗ್ರಾಂ ಮುಂದೆ ತಡವರಿಸುತ್ತಾಳೆ. ನಿಂತ ಕಬ್ಬು ನೋಡಿ ಎಷ್ಟು ಟನ್ ಬರುತ್ತದೆಂದು ಅಂದಾಜು ಕಟ್ಟುವ ಮುಧೋಳದ ರೈತ ಮಣ್ಣು ಪರೀಕ್ಷೆಯ ವರದಿಯನ್ನು ಮಡಚಿ ಕಿಸೆಗೆ ಹಾಕುತ್ತಾನೆ. ಇವರಿಗೆ ಲೆಕ್ಕ ಬರುವುದಿಲ್ಲ ಎನ್ನುವಂತಿಲ್ಲ. ಅಳತೆಯನ್ನು ಓದುವಾಗ ಕೆಲವೇ ಗೊತ್ತಾದ ಜಾಗಗಳಲ್ಲಿ ಎಲ್ಲರೂ ಎಡವುತ್ತಾರೆ, ಮತ್ತು ಪ್ರತಿಯೊಂದು ಎಡವಟ್ಟೂ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಉತ್ತರ ಎಷ್ಟು ಪಟ್ಟು ತಪ್ಪಿದೆ ಎಂಬುದೇ ಆ ಗುರುತು. ಈ ಕೈಪಿಡಿ ಆ ಪಟ್ಟನ್ನು ಹಿಡಿದುಕೊಂಡು ದೋಷದ ಮೂಲಕ್ಕೆ ಹೋಗುವ ಕ್ರಮ ಹೇಳುತ್ತದೆ.

## ಮೊದಲ ತಪಾಸಣೆ: ಭಾಗಿಸಿ ನೋಡಿ

ಕಾಗದ, ಪೆನ್ನು ಸಾಕು. ನಿಮಗೆ ಬಂದ ಉತ್ತರವನ್ನು ಬರೆಯಿರಿ. ಪಕ್ಕದಲ್ಲಿ, ಬರಬೇಕಾಗಿತ್ತು ಎನಿಸುವ ಸಂಖ್ಯೆ ಬರೆಯಿರಿ. ಅದು ಹೋದ ವರ್ಷ ಬಳಸಿದ ಪ್ರಮಾಣ ಇರಬಹುದು, ಡಬ್ಬಿಯ ಮೇಲಿನದು ಇರಬಹುದು, ಕಣ್ಣಂದಾಜೂ ಇರಬಹುದು. ದೊಡ್ಡದನ್ನು ಸಣ್ಣದರಿಂದ ಭಾಗಿಸಿ.

ಸುಮಾರು 10 ಬಂದರೆ: ದಶಾಂಶ ಬಿಂದು ಒಂದು ಮನೆ ಜರುಗಿದೆ, ಇಲ್ಲವೇ ಸೆಂಟಿಮೀಟರ್ ಮತ್ತು ಮಿಲಿಮೀಟರ್ ಅದಲುಬದಲಾಗಿವೆ.
100 ಬಂದರೆ: ಮೀಟರ್–ಸೆಂಟಿಮೀಟರ್ ಅಥವಾ ಕ್ವಿಂಟಲ್–ಕಿಲೋ ಗೊಂದಲ, ಜಾಗದ ಲೆಕ್ಕವಾದರೆ ಸೆಂಟಿಮೀಟರ್–ಮಿಲಿಮೀಟರ್ ತಪ್ಪೇ ಚದರವಾಗಿ 100 ಆಗಿದೆ.
1,000 ಬಂದರೆ: ಕಿಲೋ, ಮಿಲಿ, ಮೈಕ್ರೋದಂಥ ಉಪಸರ್ಗ ಒಂದು ಮೆಟ್ಟಿಲು ತಪ್ಪಿದೆ.
ಸುಮಾರು 2.5 ಬಂದರೆ: ಎಕರೆ–ಹೆಕ್ಟೇರ್.
ಸುಮಾರು 3.3 ಬಂದರೆ: ಅಡಿ–ಮೀಟರ್. 10.8 ಬಂದರೆ ಚದರ ಅಡಿ–ಚದರ ಮೀಟರ್. 35 ಬಂದರೆ ಘನ ಅಡಿ–ಘನ ಮೀಟರ್.
8 ಬಂದರೆ: ಇಂಟರ್ನೆಟ್ ವೇಗದ ಮೆಗಾಬಿಟ್ ಮತ್ತು ಫೈಲಿನ ಮೆಗಾಬೈಟ್.

ಇಲ್ಲೊಂದು ಎಚ್ಚರಿಕೆ. 10 ಮತ್ತು 10.8 ಬಹಳ ಹತ್ತಿರ. ಪ್ಲಾಟು, ಟೈಲ್ಸ್, ತಗಡಿನ ಲೆಕ್ಕದಲ್ಲಿ ‘ಸುಮಾರು ಹತ್ತು ಪಟ್ಟು’ ವ್ಯತ್ಯಾಸ ಕಂಡರೆ ದಶಾಂಶ ಬಿಂದುವಿಗಿಂತ ಮೊದಲು ಅಡಿ–ಮೀಟರನ್ನೇ ಅನುಮಾನಿಸಿ.

ಇದಾದ ಮೇಲೆ ಅಳತೆಯನ್ನು ಒಡೆದು, ಗಟ್ಟಿಯಾಗಿ ಓದಿ. ‘5 ಮಿಲಿಗ್ರಾಂ’ ಎಂದು ಒಂದೇ ಉಸಿರಿನಲ್ಲಿ ಓದಬೇಡಿ. ‘ಒಂದು ಗ್ರಾಂನ ಸಾವಿರದಲ್ಲಿ ಒಂದು ಪಾಲು, ಅಂಥವು ಐದು’ ಎನ್ನಿ. ನಮ್ಮ ಕಡೆ ‘ಕಿಲೋ’ ಎಂದರೆ ತೂಕವೆಂದೇ ರೂಢಿ. ಆದ್ದರಿಂದ ಕಿಲೋಮೀಟರ್, ಕಿಲೋವ್ಯಾಟ್, ಕಿಲೋಗ್ರಾಂ ಮೂರರಲ್ಲೂ ಇರುವುದು ಅದೇ ‘ಸಾವಿರ’ ಎಂಬುದು ಎಷ್ಟೋ ಓದಿದವರಿಗೂ ಹೊಳೆದಿರುವುದಿಲ್ಲ. ಒಡೆದು ಓದುವುದೊಂದೇ ಅರ್ಧಕ್ಕರ್ಧ ಗೊಂದಲ ಬಿಡಿಸುತ್ತದೆ.

## ಲಕ್ಷಣ: ಉತ್ತರ ಸರಿಯಾಗಿ ಸಾವಿರ ಪಟ್ಟು ಹೆಚ್ಚು ಅಥವಾ ಕಡಿಮೆ

ಮೊದಲು ಅಕ್ಷರ ನೋಡಿ. ಇಂಗ್ಲಿಷಿನ ಸಣ್ಣ ‘ಎಮ್’ ಅಂದರೆ ಮಿಲಿ, ಸಾವಿರದ ಒಂದು ಪಾಲು. ದೊಡ್ಡ ‘ಎಮ್’ ಅಂದರೆ ಮೆಗಾ, ಹತ್ತು ಲಕ್ಷ. ಇವೆರಡು ಅದಲುಬದಲಾದರೆ ವ್ಯತ್ಯಾಸ ಸಾವಿರಕ್ಕೆ ನಿಲ್ಲುವುದಿಲ್ಲ, 100 ಕೋಟಿ ಪಟ್ಟಾಗುತ್ತದೆ. ಪಟ್ಟಣದ ನೀರು ಸರಬರಾಜಿನ ಸುದ್ದಿಯಲ್ಲಿ ಬರುವ ‘ಎಂಎಲ್‌ಡಿ’ಯ ಎಮ್ ದೊಡ್ಡದು: 1 ಎಂಎಲ್‌ಡಿ ಎಂದರೆ ದಿನಕ್ಕೆ 10 ಲಕ್ಷ ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೆ ಸುಮಾರು 7,400 ಜನರಿಗೆ ಸಾಲುವಷ್ಟು. ಅದನ್ನು ಸಿರಪ್ಪಿನ ಡಬ್ಬಿಯ ಮಿ.ಲೀ. ಜೊತೆ ಒಂದೇ ಎಂದು ತಿಳಿದವರಿಗೆ ಸುದ್ದಿಯೇ ತಲೆಗೆ ಹೋಗುವುದಿಲ್ಲ.

ಕನ್ನಡದಲ್ಲಿ ಬರೆದಾಗಲೂ ಇದೇ ಜಾಗರೂಕತೆ ಬೇಕು. ‘ಮಿ.’ ಮಿಲಿ, ‘ಮೀ.’ ಮೀಟರ್. ಮೈಕ್ರೋವನ್ನು ಚಿಕ್ಕದಾಗಿಸಲೇಬೇಡಿ, ಪೂರ್ತಿ ಬರೆಯಿರಿ.

ಮೈಕ್ರೋ ಹೆಚ್ಚಾಗಿ ಎದುರಾಗುವುದು ಔಷಧಿಯಲ್ಲಿ. ಥೈರಾಯ್ಡ್ ಮಾತ್ರೆಗಳ ಮೇಲೆ 25, 50, 100 ಎಂದು ಇರುವುದು ಮೈಕ್ರೋಗ್ರಾಂ. ಚೀಟಿಯಲ್ಲಿ ಅದನ್ನೇ ‘ಎಂಸಿಜಿ’ ಎನ್ನುತ್ತಾರೆ. 100 ಮೈಕ್ರೋಗ್ರಾಂ ಅಂದರೆ 0.1 ಮಿಲಿಗ್ರಾಂ. ಹಳೆಯ ಚೀಟಿಯಲ್ಲಿ 0.1 ಮಿ.ಗ್ರಾಂ ಎಂದಿದ್ದು ಹೊಸ ಡಬ್ಬಿಯ ಮೇಲೆ 100 ಎಂದಿದ್ದರೆ ಪ್ರಮಾಣ ಹೆಚ್ಚಿತೆಂದು ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ. ಎರಡೂ ಒಂದೇ. ಆದರೂ ಈ ಹೊಂದಿಕೆಯನ್ನು ಮನೆಯಲ್ಲೇ ತೀರ್ಮಾನಿಸಬೇಡಿ. ಹಳೆಯ ಡಬ್ಬಿ, ಹೊಸ ಡಬ್ಬಿ, ಚೀಟಿ ಮೂರನ್ನೂ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಮುಂದಿಟ್ಟು ಕೇಳಿ.

ಮೊಬೈಲ್ ಅಂಗಡಿಯಲ್ಲಿ ಕಾಣುವ ಗೊಂದಲ ಇಷ್ಟು ಅಪಾಯದ್ದಲ್ಲ, ಆದರೆ ಹಣ ಕಳೆಯುತ್ತದೆ. ಪವರ್‌ಬ್ಯಾಂಕಿನ ಮೇಲೆ 20,000, ಮನೆಯ ಇನ್ವರ್ಟರ್ ಬ್ಯಾಟರಿಯ ಮೇಲೆ ಬರೀ 150. ಮೊದಲಿನದು ಮಿಲಿಆಂಪಿಯರ್-ಅವರ್, ಎರಡನೆಯದು ಆಂಪಿಯರ್-ಅವರ್. ಅಂದರೆ 20 ಮತ್ತು 150. ಅದೂ ಸಾಲದು, ವೋಲ್ಟೇಜಿನಿಂದ ಗುಣಿಸಬೇಕು: 20 × 3.7 = 74 ವ್ಯಾಟ್-ಅವರ್, 150 × 12 = 1,800 ವ್ಯಾಟ್-ಅವರ್. ‘ಸಣ್ಣ ಸಂಖ್ಯೆ’ಯ ಬ್ಯಾಟರಿಯೇ 24 ಪಟ್ಟು ದೊಡ್ಡದು.

## ಲಕ್ಷಣ: ಮಗುವಿಗೆ ಪಟ್ಟಿ ಬಾಯಿಪಾಠ ಬರುತ್ತದೆ, ಲೆಕ್ಕ ಮಾತ್ರ ಹತ್ತು ಅಥವಾ ನೂರು ಪಟ್ಟು ತಪ್ಪುತ್ತದೆ

ಶಾಲೆಯಲ್ಲಿ ಕಲಿಸುವ ಏಣಿ ಹೀಗಿರುತ್ತದೆ: ಕಿಲೋ, ಹೆಕ್ಟೋ, ಡೆಕಾ, ಮೀಟರ್, ಡೆಸಿ, ಸೆಂಟಿ, ಮಿಲಿ. ಪ್ರತಿ ಮೆಟ್ಟಿಲಿಗೆ ಹತ್ತು. ಮಗು ಇದನ್ನು ಚೆನ್ನಾಗಿ ಕಲಿಯುತ್ತದೆ. ಅಷ್ಟರಲ್ಲಿ ಏಣಿಯ ನಡಿಗೆ ಬದಲಾಗುತ್ತದೆ: ಕಿಲೋದಿಂದ ಮೇಲೆ ಮೆಗಾ, ಗಿಗಾ, ಟೆರಾ, ಮಿಲಿಯಿಂದ ಕೆಳಗೆ ಮೈಕ್ರೋ, ನ್ಯಾನೋ. ಇಲ್ಲಿ ಪ್ರತಿ ಮೆಟ್ಟಿಲಿಗೆ ಸಾವಿರ. ಈ ಬದಲಾವಣೆಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಮೆಗಾ ಎಂದರೆ ಹತ್ತು ಕಿಲೋ, ಮೈಕ್ರೋ ಎಂದರೆ ಮಿಲಿಯ ಹತ್ತನೇ ಪಾಲು ಎಂದು ಮಗು ತಾನೇ ಊಹಿಸಿಕೊಳ್ಳುತ್ತದೆ. ಊಹೆ ತರ್ಕಬದ್ಧವಾಗಿಯೇ ಇದೆ; ಪಟ್ಟಿ ಕೊಟ್ಟವರು ಒಂದು ಮಾತು ಬಿಟ್ಟಿದ್ದಾರೆ.

ತಪಾಸಣೆ ಸುಲಭ. ‘ಒಂದು ಮಿಲಿಮೀಟರಿನಲ್ಲಿ ಎಷ್ಟು ಮೈಕ್ರೋಮೀಟರ್?’ ಎಂದು ಕೇಳಿ. ಹತ್ತು ಎಂದರೆ ದೋಷ ಇಲ್ಲಿದೆ, ಉತ್ತರ ನೂರು ಪಟ್ಟು ತಪ್ಪುತ್ತದೆ. ಪರಿಹಾರವಾಗಿ ಹೆಕ್ಟೋ, ಡೆಕಾ, ಡೆಸಿಗಳನ್ನು ಕೆಲಕಾಲ ಪಕ್ಕಕ್ಕಿಡಿ. ಹೆಕ್ಟೇರ್ ಒಂದನ್ನು ಬಿಟ್ಟರೆ ಜೀವನದಲ್ಲಿ ಅವು ಎದುರಾಗುವುದೇ ಕಡಿಮೆ. ಸಾವಿರದ ಮೆಟ್ಟಿಲುಗಳನ್ನು ಮೊದಲು ಗಟ್ಟಿ ಮಾಡಿಸಿ, ಸೆಂಟಿಯನ್ನು ನಡುವಿನ ವಿಶೇಷ ಮೆಟ್ಟಿಲಾಗಿ ಆಮೇಲೆ ಸೇರಿಸಿ.

ಮಗುವಿಗೆ ಸಂಖ್ಯೆ ಬರುತ್ತದೆ, ಗಾತ್ರದ ಕಲ್ಪನೆ ಇಲ್ಲ ಎಂದಾದರೆ ಮುಟ್ಟಿ ನೋಡುವ ಆಧಾರಗಳು ಬೇಕು. 500 ಹಾಳೆಯ ಝೆರಾಕ್ಸ್ ಕಾಗದದ ಕಟ್ಟು ಸುಮಾರು 5 ಸೆಂ.ಮೀ. ದಪ್ಪ; ಹಾಗಾಗಿ ಒಂದು ಹಾಳೆ ಸುಮಾರು 0.1 ಮಿ.ಮೀ., ಅಂದರೆ 100 ಮೈಕ್ರಾನ್. ಮೈಕ್ರಾನ್ ಎಂಬುದು ಮೈಕ್ರೋಮೀಟರಿನ ರೂಢಿಯ ಹೆಸರು. 1 ಲೀಟರ್ ನೀರು 1 ಕಿಲೋ, 1 ಮಿ.ಲೀ. ನೀರು 1 ಗ್ರಾಂ. ದೊಡ್ಡ ಅಳತೆಗೆ ಕಣ್ಣಿಗೆ ಕಂಡದ್ದೇ ಬೇಕು: ಗೋಳಗುಮ್ಮಟದ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. 52 ಮೀಟರನ್ನು 0.052 ಕಿಲೋಮೀಟರ್ ಎಂದೂ 52,000 ಮಿಲಿಮೀಟರ್ ಎಂದೂ ಬರೆಯಿಸಿ, ಮೂರರಲ್ಲಿ ಯಾವುದು ಹೆಚ್ಚು ಎಂದು ಕೇಳಿ. 52,000 ಎಂದು ಉತ್ತರ ಬಂದರೆ ಮಗು ಸಂಖ್ಯೆಯನ್ನಷ್ಟೇ ನೋಡುತ್ತಿದೆ. ಇನ್ನೂ ಒಂದು ವಾರ ಟೇಪು, ತಕ್ಕಡಿ, ಅಳತೆ ಡಬ್ಬಿ ಕೈಗೆ ಕೊಡಿ, ಪುಸ್ತಕ ಬೇಡ.

ದೊಡ್ಡವರಲ್ಲಿ ಹತ್ತು ಪಟ್ಟಿನ ತಪ್ಪು ಬರುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇಥಿನ ಮುಂದೆ ‘ಇನ್ನೂ ಎರಡು ಪಾಯಿಂಟ್ ತಗೀರಿ’ ಎಂದರೆ ಒಬ್ಬರಿಗೆ ಅದು 0.2 ಮಿ.ಮೀ., ಇನ್ನೊಬ್ಬರಿಗೆ 0.02 ಮಿ.ಮೀ. ಇಂಚಿನ ಅಳತೆಯಲ್ಲಿ ಕಲಿತ ಹಿರಿಯ ಫಿಟ್ಟರ್ ‘ಥೌ’ ಎನ್ನುತ್ತಾರೆ: ಇಂಚಿನ ಸಾವಿರದ ಒಂದು ಪಾಲು, 25.4 ಮೈಕ್ರಾನ್. ಡ್ರಾಯಿಂಗಿನಲ್ಲಿ 20 ಮೈಕ್ರಾನ್ ಮಾತ್ರ ಹೆಚ್ಚುಕಡಿಮೆಗೆ ಅವಕಾಶವಿದ್ದಾಗ ಒಂದು ಥೌ ಹೆಚ್ಚು ಉಳಿದರೆ ಸಾಕು, ತುಂಡು ರಿಜೆಕ್ಟ್. ಇಂಥಲ್ಲಿ ಒಂದೇ ನಿಯಮ ಸಾಕು: ಅಳತೆಯನ್ನು ಪೂರ್ಣ ಸಂಖ್ಯೆಯ ಮೈಕ್ರಾನಿನಲ್ಲಿ ಹೇಳಿ. ‘200 ಮೈಕ್ರಾನ್’ ಮತ್ತು ‘20 ಮೈಕ್ರಾನ್’ ಕಿವಿಗೆ ಎಂದೂ ಒಂದೇ ಆಗಿ ಕೇಳುವುದಿಲ್ಲ. ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆ ಇರಲೇಬೇಕು; ‘.5’ ಎಂದು ಬರೆದ ಬಿಂದು ಎಣ್ಣೆ ಕೈಯಲ್ಲಿ ಅಳಿಸಿ 5 ಆಗುತ್ತದೆ.

## ಲಕ್ಷಣ: ಮೆಗಾ, ಗಿಗಾ ಬಂದಾಗ ಲಕ್ಷವೋ ಕೋಟಿಯೋ ತಿಳಿಯುವುದಿಲ್ಲ

ನಮ್ಮ ಎಣಿಕೆ ಸಾವಿರದ ನಂತರ ಎರಡೆರಡು ಸೊನ್ನೆಗೆ ಹೆಸರು ಕೊಡುತ್ತದೆ: ಸಾವಿರ, ಲಕ್ಷ, ಕೋಟಿ. ಮೆಟ್ರಿಕ್ ಉಪಸರ್ಗಗಳು ಮೂರು ಮೂರು ಸೊನ್ನೆಗೆ ಜಿಗಿಯುತ್ತವೆ. ಎರಡು ಏಣಿಗಳ ಮೆಟ್ಟಿಲು ಸಾವಿರದಲ್ಲಿ ಸೇರಿ, ಆಮೇಲೆ ಬೇಗ ಸೇರುವುದಿಲ್ಲ. ಕನ್ನಡದಲ್ಲಿ ಎಣಿಸುವವರಿಗೆ ಈ ತೊಡಕು ಇಂಗ್ಲಿಷಿನಲ್ಲಿ ಮಿಲಿಯನ್, ಬಿಲಿಯನ್ ಎನ್ನುವವರಿಗಿಂತ ಹೆಚ್ಚು, ಮತ್ತು ಅದಕ್ಕೆ ನಾಚಬೇಕಾಗಿಲ್ಲ. ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿ:

ಕಿಲೋ = ಸಾವಿರ
ಮೆಗಾ = ಹತ್ತು ಲಕ್ಷ
ಗಿಗಾ = ನೂರು ಕೋಟಿ
ಟೆರಾ = ಒಂದು ಲಕ್ಷ ಕೋಟಿ

ವಿಜಯಪುರ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 2,400 ಮೆಗಾವ್ಯಾಟ್. ಕಿಲೋವ್ಯಾಟಿಗೆ ತಂದರೆ 24 ಲಕ್ಷ. ಪೂರ್ಣ ಸಾಮರ್ಥ್ಯದಲ್ಲಿ ಒಂದು ತಾಸು ಓಡಿದರೆ 24 ಲಕ್ಷ ಯೂನಿಟ್. ಹೀಗೆ ಬಿಲ್ಲಿನಲ್ಲಿ ಕಾಣುವ ಯೂನಿಟಿಗೆ ತಂದಾಗ ಮಾತ್ರ ಸಂಖ್ಯೆಗೆ ಅರ್ಥ ಬರುತ್ತದೆ.

## ಲಕ್ಷಣ: ಪಟ್ಟು 2.5, 3.3ರಂಥ ಮುರುಕು ಸಂಖ್ಯೆ

ಇದು ಉಪಸರ್ಗದ ದೋಷ ಅಲ್ಲ, ಎರಡು ಪದ್ಧತಿಗಳು ಬೆರೆತದ್ದು. ಹತ್ತರ ಲೆಕ್ಕದಲ್ಲಿ ಮುರುಕು ಪಟ್ಟು ಬರುವುದೇ ಇಲ್ಲ. ತೂಕ ಮತ್ತು ಅಳತೆಯ ಮಾನಕಗಳ ಕಾಯ್ದೆ ಬಂದದ್ದು 1956ರಲ್ಲಿ. ಹೊಸ ಪೈಸೆ 1957ರ ಏಪ್ರಿಲ್‌ನಲ್ಲಿ, ಮೆಟ್ರಿಕ್ ತೂಕಗಳು 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದವು. ಅಂಗಡಿಯಿಂದ ಸೇರು, ಮಣ ಹೋದವು. ಹೊಲದಿಂದ ಎಕರೆ, ಗುಂಟೆ ಹೋಗಲಿಲ್ಲ. ಉಸುಕು ಇವತ್ತಿಗೂ ಬ್ರಾಸಿನಲ್ಲೇ, ಕಬ್ಬಿಣದ ಸರಳು ಸೂತಿನಲ್ಲೇ ಎಷ್ಟೋ ಕಡೆ ಮಾರಾಟವಾಗುತ್ತದೆ.

ಗೊಬ್ಬರದಲ್ಲಿ ಈ ದೋಷ ನೇರವಾಗಿ ಕಿಸೆಗೆ ತಾಗುತ್ತದೆ. ಶಿಫಾರಸುಗಳು ಹೆಕ್ಟೇರಿಗೆ ಇರುತ್ತವೆ, ಹೊಲ ಎಕರೆಯಲ್ಲಿರುತ್ತದೆ. 1 ಹೆಕ್ಟೇರ್ = 2.47 ಎಕರೆ. ಹೆಕ್ಟೇರಿಗೆ 100 ಕಿಲೋ ಸಾರಜನಕ ಎಂದಿದ್ದರೆ ಎಕರೆಗೆ ಸುಮಾರು 40 ಕಿಲೋ. ಯೂರಿಯಾದಲ್ಲಿ ಸಾರಜನಕ ಇರುವುದು ಶೇ 46. ಆದ್ದರಿಂದ ಯೂರಿಯಾ ಎಕರೆಗೆ ಸುಮಾರು 88 ಕಿಲೋ, ಅಂದರೆ 45 ಕಿಲೋದ ಎರಡು ಚೀಲ. ಹೆಕ್ಟೇರನ್ನು ಎಕರೆ ಎಂದು ಓದಿದರೆ 217 ಕಿಲೋ, ಐದು ಚೀಲದ ಹತ್ತಿರ ಹೋಗುತ್ತದೆ. ಪಟ್ಟು ಸುಮಾರು 2.2 ಬಂದಿದ್ದರೆ ತಪ್ಪು ಬೇರೆ: ಸಾರಜನಕದ ತೂಕವನ್ನೇ ಯೂರಿಯಾದ ತೂಕ ಎಂದು ತಿಳಿದಿದ್ದೀರಿ.

ಪಹಣಿಯದು ಇನ್ನೊಂದು ಬಗೆಯ ಬಲೆ. ಅದರಲ್ಲಿ 3.20 ಎಂದಿದ್ದರೆ ಅದು ದಶಾಂಶವಲ್ಲ. 3 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ, ಹಾಗಾಗಿ 3.5 ಎಕರೆ, 1.42 ಹೆಕ್ಟೇರ್. ಕ್ಯಾಲ್ಕುಲೇಟರಿಗೆ 3.20 ಎಂದೇ ಒತ್ತಿದರೆ 12 ಗುಂಟೆ ಮಾಯವಾಗುತ್ತದೆ. ಒಂದು ಗುಂಟೆ 33 ಅಡಿ × 33 ಅಡಿ, 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಬಿಂದುವಿನ ನಂತರ 39ಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಅದು ಗುಂಟೆಯಲ್ಲ, ದಶಾಂಶವಾಗಿರಬಹುದು. ಕಾಗದ ಎಲ್ಲಿಂದ ಬಂತೆಂದು ನೋಡಿ. ಖರೀದಿ, ಪಾಲು, ವಾಟ್ನಿ ವಿಷಯವಾದರೆ ಇಲ್ಲಿಗೇ ನಿಲ್ಲಿಸಿ, ಭೂಮಾಪಕರಿಂದ ಅಳತೆ ಮಾಡಿಸಿ. ಮನೆಯ ಲೆಕ್ಕದ ಮೇಲೆ ಸಹಿ ಬೇಡ.

ಮಳೆಗಾಲದಲ್ಲಿ ಡ್ಯಾಮಿನ ಸುದ್ದಿ ಓದುವಾಗಲೂ ಇದೇ ಗೊಂದಲ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಹಿಡಕಲ್ ಜಲಾಶಯದ್ದು 2,175 ಅಡಿ. ಒಂದು ಮೀಟರಿನಲ್ಲಿ, ಇನ್ನೊಂದು ಅಡಿಯಲ್ಲಿ. ಎರಡೂ ಸಮುದ್ರ ಮಟ್ಟದಿಂದ ಎತ್ತರ, ನೀರಿನ ಆಳ ಅಲ್ಲ. ಮೀಟರಿಗೆ ತಂದರೆ ಹಿಡಕಲ್ ಸುಮಾರು 663. ಸಂಗ್ರಹದಲ್ಲಿ ನೋಡಿದರೆ ಆಲಮಟ್ಟಿ 123 ಟಿಎಂಸಿ, ಹಿಡಕಲ್ 51 (1 ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಎತ್ತರದ ಸಂಖ್ಯೆ ನೋಡಿ ಯಾವ ಡ್ಯಾಂ ದೊಡ್ಡದೆಂದು ಹೇಳಲಾಗದು.

2.5 ಪಟ್ಟಿನ ಇನ್ನೊಂದು ತಪ್ಪು ಇನ್ಸುಲಿನ್‌ನಲ್ಲಿ ಆಗುತ್ತದೆ, ಅಲ್ಲಿ ಜೀವಕ್ಕೆ ಅಪಾಯವಿದೆ. ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: 1 ಮಿ.ಲೀ.ಗೆ 40 ಯೂನಿಟ್, 1 ಮಿ.ಲೀ.ಗೆ 100 ಯೂನಿಟ್. ಸಿರಿಂಜೂ ಎರಡು ಬಗೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ ಎಳೆದರೆ ಗೆರೆ ಸರಿಯಿದ್ದರೂ ಮೈಗೆ 2.5 ಪಟ್ಟು ಹೋಗುತ್ತದೆ, ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಬಾಟಲಿಯ ಸಂಖ್ಯೆ ಮತ್ತು ಸಿರಿಂಜಿನ ಸಂಖ್ಯೆ ಹೊಂದದಿದ್ದರೆ ಗುಣಾಕಾರ ಮಾಡಿ ಸರಿಪಡಿಸಲು ಹೋಗಬೇಡಿ. ಸಿರಿಂಜನ್ನೇ ಬದಲಾಯಿಸಿ. ತಪ್ಪಿ ಹೆಚ್ಚು ಹೋಗಿದ್ದರೆ ಎಚ್ಚರವಿರುವವರಿಗೆ ತಕ್ಷಣ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಹೊರಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ.

ಮಕ್ಕಳ ಜ್ವರದ ಔಷಧಿಯಲ್ಲಿ ಪಟ್ಟು ಸುಮಾರು 4, ಕೆಲವೊಮ್ಮೆ 2. ಪ್ಯಾರಾಸಿಟಮಾಲ್ ಡ್ರಾಪ್ಸ್ 1 ಮಿ.ಲೀ.ಯಲ್ಲಿ 100 ಮಿ.ಗ್ರಾಂ ಇರುವುದುಂಟು, ಸಿರಪ್ ಆದರೆ 5 ಮಿ.ಲೀ.ಯಲ್ಲಿ 120, 125 ಅಥವಾ 250 ಮಿ.ಗ್ರಾಂ. ಸಿರಪ್ ಎಂದುಕೊಂಡು ಡ್ರಾಪ್ಸನ್ನು 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ ಹೊಟ್ಟೆಗೆ ಹೋಗುತ್ತದೆ. ಮಿ.ಲೀ. ಎಂಬುದು ಎಷ್ಟು ದ್ರವ, ಮಿ.ಗ್ರಾಂ ಎಂಬುದು ಅದರೊಳಗೆ ಎಷ್ಟು ಮದ್ದು. ಎರಡನ್ನೂ ಓದಿ. ಅಡುಗೆಮನೆಯ ಚಮಚ ಬೇಡ, ಡಬ್ಬಿಯ ಜೊತೆ ಬಂದ ಅಳತೆ ಕಪ್ಪನ್ನೇ ಬಳಸಿ.

## ಲಕ್ಷಣ: ಉದ್ದ ಸರಿ ಇದೆ, ಜಾಗ ಅಥವಾ ನೀರಿನ ಲೆಕ್ಕ ವಿಪರೀತ ತಪ್ಪಿದೆ

ಚದರಕ್ಕೆ ಹೋದಾಗ ಪಟ್ಟೂ ಚದರವಾಗುತ್ತದೆ, ಘನಕ್ಕೆ ಹೋದಾಗ ಘನವಾಗುತ್ತದೆ. 1 ಮೀಟರ್ 100 ಸೆಂ.ಮೀ. ನಿಜ. 1 ಚದರ ಮೀಟರ್ 10,000 ಚದರ ಸೆಂ.ಮೀ., 1 ಘನ ಮೀಟರ್ 10 ಲಕ್ಷ ಘನ ಸೆಂ.ಮೀ. ಘನ ಕಿಲೋಮೀಟರ್ ಎಂದರೆ ಸಾವಿರ ಘನ ಮೀಟರ್ ಅಲ್ಲ, ನೂರು ಕೋಟಿ ಘನ ಮೀಟರ್. ಆಲಮಟ್ಟಿ ತುಂಬಿದಾಗಿನ ನೀರು ಸುಮಾರು 3.5 ಘನ ಕಿಲೋಮೀಟರ್ ಮಾತ್ರ ಎಂದರೆ ಬಹಳ ಜನ ನಂಬುವುದಿಲ್ಲ.

ಕೃಷಿ ಹೊಂಡದ್ದು ಒಳ್ಳೆಯ ಉದಾಹರಣೆ. ಮೇಲೆ 21 × 21 ಮೀಟರ್, ಆಳ 3 ಮೀಟರ್. ನೇರ ಗುಣಿಸಿದರೆ 1,323 ಘನ ಮೀಟರ್, 13.23 ಲಕ್ಷ ಲೀಟರ್. ಆದರೆ ಹೊಂಡದ ಗೋಡೆ ಇಳಿಜಾರು. ಒಂದಕ್ಕೆ ಒಂದು ಇಳಿಜಾರಾದರೆ ತಳ 15 × 15, ನಡುಮಟ್ಟ 18 × 18. ಮೇಲಿನ ಜಾಗ 441, ನಡುವಿನದರ ನಾಲ್ಕು ಪಟ್ಟು 1,296, ತಳದ್ದು 225. ಕೂಡಿಸಿ, ಆಳದಿಂದ ಗುಣಿಸಿ, 6ರಿಂದ ಭಾಗಿಸಿ: 981 ಘನ ಮೀಟರ್, 9.8 ಲಕ್ಷ ಲೀಟರ್. ಕಾಗದದ ಮೇಲಿದ್ದ ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೊಂಡದಲ್ಲಿ ಇಲ್ಲ.

ಮಳೆಯ ಮಿಲಿಮೀಟರಿಗೂ ಇದೇ ಕೀಲಿ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. ಎಕರೆಗೆ 4,047 ಲೀಟರ್. 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್. ‘ಬರೀ 25 ಮಿಲಿಮೀಟರ್’ ಎಂದು ಕಡೆಗಣಿಸುವ ಮಳೆ ಇಷ್ಟಿರುತ್ತದೆ.

ಮನೆ ಕಟ್ಟಿಸುವಾಗ ಉಸುಕು ಬ್ರಾಸಿನಲ್ಲಿ, ರೆಡಿಮಿಕ್ಸ್ ಕಾಂಕ್ರೀಟ್ ಘನ ಮೀಟರಿನಲ್ಲಿ. 1 ಬ್ರಾಸ್ = 100 ಘನ ಅಡಿ = 2.83 ಘನ ಮೀಟರ್. ಮೂರು ಸೂತಿನ ಸರಳಿಗೆ 10 ಮಿ.ಮೀ., ನಾಲ್ಕು ಸೂತಿಗೆ 12 ಮಿ.ಮೀ. ಎಂಬುದು ರೂಢಿ, ಇಂಚಿನ ಎಂಟನೇ ಒಂದು ಪಾಲಾದ ಸೂತಿನ ನಿಜವಾದ ಲೆಕ್ಕದಲ್ಲಿ ಅವು 9.5 ಮತ್ತು 12.7. ಎಂಜಿನಿಯರ್ ಬರೆದದ್ದು ಮಿ.ಮೀ.ಯಲ್ಲಿದ್ದರೆ ಮಿ.ಮೀ.ಯಲ್ಲೇ ಕೇಳಿ ತನ್ನಿ. ವೈರಿನ ಮೇಲಿನ 2.5 ಎಂಬುದು ಚದರ ಮಿಲಿಮೀಟರ್, ತಾಮ್ರದ ಅಡ್ಡಕೊಯ್ತದ ಜಾಗ, ದಪ್ಪ ಅಲ್ಲ. ಸ್ಕೇಲಿನಿಂದ ದಪ್ಪ ಅಳೆದು ವೈರ್ ಬದಲಿಸಬೇಡಿ, ಅದು ವೈರ್‌ಮನ್ ಕೆಲಸ.

## ಲಕ್ಷಣ: ಸಂಖ್ಯೆ ಸರಿ, ಆದರೂ ಅರ್ಥ ಕೂಡುತ್ತಿಲ್ಲ

ವೇಗವನ್ನು ಮೊತ್ತವೆಂದು ತಿಳಿದಾಗ ಹೀಗಾಗುತ್ತದೆ. ಕಿಲೋವ್ಯಾಟ್ ಎಂಬುದು ಕರೆಂಟು ಎಷ್ಟು ರಭಸದಿಂದ ಖರ್ಚಾಗುತ್ತಿದೆ ಎಂಬುದು. ಕಿಲೋವ್ಯಾಟ್-ಅವರ್, ಅಂದರೆ ಹೆಸ್ಕಾಂ ಬಿಲ್ಲಿನ ಯೂನಿಟ್, ಒಟ್ಟು ಎಷ್ಟು ಖರ್ಚಾಯಿತು ಎಂಬುದು. 1 ಎಚ್‌ಪಿ 746 ವ್ಯಾಟ್. 5 ಎಚ್‌ಪಿ ಪಂಪ್ 3.73 ಕಿಲೋವ್ಯಾಟ್, ಆರು ತಾಸು ಓಡಿದರೆ ಕನಿಷ್ಠ 22 ಯೂನಿಟ್, ಮೋಟರಿನಲ್ಲಿ ಸೋರಿ ಹೋಗುವುದರಿಂದ ಮೀಟರಿನಲ್ಲಿ ಅದಕ್ಕಿಂತ ಹೆಚ್ಚು.

ಕೃಷ್ಣೆಯಲ್ಲಿ 1 ಲಕ್ಷ ಕ್ಯೂಸೆಕ್ ಎಂಬುದೂ ರಭಸವೇ: ಸೆಕೆಂಡಿಗೆ ಒಂದು ಲಕ್ಷ ಘನ ಅಡಿ. ಟಿಎಂಸಿ ಮೊತ್ತ. ಕ್ಯೂಸೆಕ್ಸನ್ನು 11,574ರಿಂದ ಭಾಗಿಸಿದರೆ ಒಂದು ದಿನಕ್ಕೆ ಎಷ್ಟು ಟಿಎಂಸಿ ಎಂದು ಸಿಗುತ್ತದೆ. 1 ಲಕ್ಷ ಕ್ಯೂಸೆಕ್ ಒಂದಿಡೀ ದಿನ ಹರಿದರೆ 8.64 ಟಿಎಂಸಿ.

## ಲಕ್ಷಣ: ಸಿಂಪರಣೆಯಲ್ಲಿ ಬೆಳೆ ಸುಟ್ಟಿತು, ಅಥವಾ ಮದ್ದು ಕೆಲಸವೇ ಮಾಡಲಿಲ್ಲ

ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಪಿಪಿಎಂ ಎಂಬುದು ದಿನದ ಮಾತು. ಹತ್ತು ಲಕ್ಷದಲ್ಲಿ ಒಂದು ಪಾಲು. ನೀರಿಗೆ ಸಂಬಂಧಿಸಿ ಹೇಳುವುದಾದರೆ 1 ಪಿಪಿಎಂ = 1 ಲೀಟರಿಗೆ 1 ಮಿಲಿಗ್ರಾಂ. ಶೇ 1 ಎಂದರೆ 10,000 ಪಿಪಿಎಂ. ಸೂತ್ರ ಒಂದೇ:

ಬೇಕಾದ ಗ್ರಾಂ = ಪಿಪಿಎಂ × ಲೀಟರ್ ÷ 1,000

ಜಿ.ಎ. (ಜಿಬ್ಬರೆಲಿಕ್ ಆಸಿಡ್ ಎಂಬ ಬೆಳವಣಿಗೆ ಚೋದಕ) 10 ಪಿಪಿಎಂ, ಬ್ಲೋವರ್ ಟ್ಯಾಂಕ್ 500 ಲೀಟರ್: 5 ಗ್ರಾಂ. ಪುಡಿಯ ಶುದ್ಧತೆ ಶೇ 90 ಎಂದು ಪೊಟ್ಟಣದ ಮೇಲಿದ್ದರೆ 0.9ರಿಂದ ಭಾಗಿಸಿ: 5.6 ಗ್ರಾಂ. ಇಷ್ಟನ್ನು ತೂಗಲು ದಿನಸಿ ತಕ್ಕಡಿ ನಡೆಯದು, 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಜಿ.ಎ. ದ್ರವ ರೂಪದಲ್ಲೂ ಸಿಗುತ್ತದೆ, ಅದರ ಸಾಂದ್ರತೆ ಶೇ 0.001 ಇರುವುದುಂಟು. ಆ ಬಾಟಲಿಯ ಒಂದು ಲೀಟರಿನಲ್ಲಿರುವುದು ಬರೀ 10 ಮಿಲಿಗ್ರಾಂ. ಪುಡಿಯ ಲೆಕ್ಕ ದ್ರವಕ್ಕೂ, ದ್ರವದ್ದು ಪುಡಿಗೂ ಹೊಂದುವುದಿಲ್ಲ. ‘ಕೆಲಸ ಮಾಡಲಿಲ್ಲ’ ಎಂಬ ದೂರಿದ್ದಲ್ಲಿ ಮೊದಲು ಡಬ್ಬಿ ತಿರುಗಿಸಿ ಶೇಕಡಾ ನೋಡಿ.

ಕೀಟನಾಶಕದಲ್ಲಿ ಪ್ರಮಾಣ ಎಕರೆಗೆ ಅಥವಾ ಹೆಕ್ಟೇರಿಗೆ ಇರುತ್ತದೆ. ಎಕರೆಗೆ 80 ಗ್ರಾಂ, 200 ಲೀಟರ್ ನೀರು ಎಂದಿದ್ದರೆ ಲೀಟರಿಗೆ 0.4 ಗ್ರಾಂ, 16 ಲೀಟರಿನ ಬೆನ್ನಿನ ಪಂಪಿಗೆ 6.4 ಗ್ರಾಂ. 0.4 ಅನ್ನು 4 ಎಂದು ಓದಿದರೆ ಪಂಪಿಗೆ 64 ಗ್ರಾಂ ಹೋಗುತ್ತದೆ. ಬಾಟಲಿಯ ಮುಚ್ಚಳವನ್ನು ಅಳತೆಯಾಗಿ ಬಳಸಬೇಡಿ, ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಗಾತ್ರ. ಪ್ರಮಾಣ ಹೆಚ್ಚಾಗಿದೆ ಎಂದು ಅನುಮಾನ ಬಂದ ಕ್ಷಣ ಸಿಂಪರಣೆ ನಿಲ್ಲಿಸಿ. ಉಳಿದದ್ದನ್ನು ಹಳ್ಳ, ಬಾವಿಗೆ ಚೆಲ್ಲಬೇಡಿ. ಲೇಬಲ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ತೋಟದ ಬೆಳೆಯಾದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ತಜ್ಞರನ್ನು ಕೇಳಬಹುದು. ಸಿಂಪಡಿಸಿದವರಿಗೆ ವಾಂತಿ, ಬೆವರು, ಕಣ್ಣು ಮಂಜಾದರೆ ಲೆಕ್ಕ ಬಿಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ.

ನೀರು, ಮಣ್ಣಿನ ವರದಿಯಲ್ಲಿ ಉಪ್ಪಿನಂಶಕ್ಕೆ ‘ಇಸಿ’ ಎಂದು ಬರೆದಿರುತ್ತಾರೆ. ಒಂದು ಪ್ರಯೋಗಾಲಯ 1.8 ಎನ್ನುತ್ತದೆ, ಇನ್ನೊಂದು 1,800. ಮೊದಲಿನದು ಮೀಟರಿಗೆ ಡೆಸಿಸೀಮೆನ್ಸ್, ಎರಡನೆಯದು ಸೆಂಟಿಮೀಟರಿಗೆ ಮೈಕ್ರೋಸೀಮೆನ್ಸ್. ನೀರು ಒಂದೇ. ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಇಲ್ಲಿ ದಶಾಂಶದ ಒಂದು ಮನೆಯೇ ಹಲ್ಲು, ಎಲುಬಿನ ಪ್ರಶ್ನೆ, 1.5 ದಾಟಿದ್ದರೆ ಆ ಬೋರಿನ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದನ್ನು ಬಿಟ್ಟು, ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

## ಎಲ್ಲ ತಪಾಸಣೆ ಮುಗಿದರೂ ಪಟ್ಟು ಯಾವುದಕ್ಕೂ ಹೊಂದದಿದ್ದರೆ

ಆಗ ತಪ್ಪು ಓದಿದವರದ್ದಲ್ಲ, ಉಪಕರಣದ್ದು. 1.06, 0.93ರಂಥ ಪಟ್ಟು ಬಂದರೆ ಇದನ್ನೇ ಅನುಮಾನಿಸಿ. ತಕ್ಕಡಿಯ ಮೇಲೆ ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ನಂಬಿಕೆಯ ಅಳತೆಯಿಂದ 1 ಲೀಟರ್ ನೀರು ಸುರಿಯಿರಿ. 995ರಿಂದ 1,000 ಗ್ರಾಂ ತೋರಿಸಿದರೆ ಸರಿ. ವರ್ನಿಯರಿನ ದವಡೆ ಮುಚ್ಚಿದಾಗ ಸೊನ್ನೆ ಗೆರೆಗಳು ಕೂಡುತ್ತವೆಯೇ ನೋಡಿ. ಕೂಡದಿದ್ದರೆ ಆ ವ್ಯತ್ಯಾಸವನ್ನು ಪ್ರತಿ ಅಳತೆಯಿಂದ ಕಳೆಯಬೇಕು ಅಥವಾ ಕೂಡಿಸಬೇಕು. ಸಿಂಪರಣೆ ಪಂಪಿನ ‘16 ಲೀಟರ್’ ಗೆರೆಯವರೆಗೆ ಒಮ್ಮೆ ಲೀಟರ್ ಲೆಕ್ಕದಲ್ಲಿ ನೀರು ತುಂಬಿ ಪರೀಕ್ಷಿಸಿ.

ವ್ಯಾಪಾರದ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಕಡ್ಡಾಯ. ಮುದ್ರೆ ಹಳೆಯದಾಗಿದ್ದರೆ ಅಥವಾ ಸೀಲು ಒಡೆದಿದ್ದರೆ ತಕ್ಕಡಿಯನ್ನು ನೀವೇ ಬಿಚ್ಚಬೇಡಿ. ಕಬ್ಬು, ಒಣದ್ರಾಕ್ಷಿ, ತೊಗರಿ ತೂಗಿಸುವ ಮುನ್ನ ಗೊತ್ತಿರುವ ತೂಕದ ಒಂದು ಚೀಲ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ತೂಕದ ಚೀಟಿಯ ಜೊತೆ ಜಿಲ್ಲೆಯ ಕಾನೂನು ಮಾಪನ ಕಚೇರಿಗೆ ಲಿಖಿತ ದೂರು ಕೊಡಿ. ದೂರಿನಲ್ಲಿ ತೂಗಿದ ದಿನ, ತಕ್ಕಡಿಯ ಮೇಲಿನ ಸಂಖ್ಯೆ, ಬಂದ ತೂಕ, ಬರಬೇಕಾದ ತೂಕ ಇವಿಷ್ಟೂ ಇರಲಿ, ಪ್ರತಿ ಸಂಖ್ಯೆಯ ಪಕ್ಕ ಅದರ ಮಾನವನ್ನು ಪೂರ್ತಿಯಾಗಿ ಬರೆಯಿರಿ.